ಸಿನಿಮಾ ನೋಡಿ ಮಾತ್ರೆ ಬಿಟ್ಟ ಅಮ್ಮನಿಗೆ

ಸೋಫಿಯಾ, ಬಲ್ಗೇರಿಯಾ
ಮಾರ್ಚ್ 2026

ತೀರ್ಥರೂಪ ಅಪ್ಪನವರಿಗೂ ಅಮ್ಮನಿಗೂ ನಿಮ್ಮ ಮಗಳು ಸವಿತಾ ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ನೀವೂ ಕ್ಷೇಮ ಅಂತ ಬರೆಯಬೇಕು, ಆದರೆ ಅಪ್ಪನ ಪತ್ರದ ಕೊನೆಯ ಸಾಲು ಓದಿದ ಮೇಲೆ ಹಾಗೆ ಬರೆಯಲು ಮನಸ್ಸು ಬರುತ್ತಿಲ್ಲ.

ಅಪ್ಪ, ನಿಮಗೊಂದು ದೊಡ್ಡ ನಮಸ್ಕಾರ. ಮೂರು ಹಾಳೆ ತುಂಬ ಸಿನಿಮಾ ಕತೆ ಬರೆದಿದ್ದೀರಿ. ತೋಟದ ಬೋರ್‌ವೆಲ್ ಸುದ್ದಿ ಬರೆದಿದ್ದೀರಿ. ಶಶಿಯ ಸ್ಕೂಟರ್ ರಿಪೇರಿಯ ಖರ್ಚು ಬರೆದಿದ್ದೀರಿ. ಎಲ್ಲ ಮುಗಿದ ಮೇಲೆ ಹಾಳೆಯ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ, ‘ನಿಮ್ಮಮ್ಮನ ಬಿಪಿ 170 ಇತ್ತು, ಒಪ್ಪತ್ತಿನ ದಿನ ಮಾತ್ರೆ ನುಂಗುತ್ತಿಲ್ಲ’ ಅಂತ ಬರೆದಿದ್ದೀರಿ. ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಡವೇ? ಇಷ್ಟು ವರ್ಷ ಮೇಷ್ಟ್ರಾಗಿದ್ದವರು ನೀವು.

ಅಮ್ಮ, ನಿನ್ನ ಚೀಟಿಯೂ ಸಿಕ್ಕಿತು. ಫೋನಿನಲ್ಲಿ ಹೇಳಿದರೆ ಪುಟ್ಟಿ ಕೇಳಿಸಿಕೊಳ್ಳುತ್ತಾಳೆ, ಅದಕ್ಕೇ ಪತ್ರ ಅಂದಿದ್ದೀಯ. ನನಗೆ ಅರ್ಥವಾಗಿದ್ದು ಇಷ್ಟು. ನೀನು ಸುಮಕ್ಕನ ಜೊತೆ ಕೂತು ಟಿವಿಯಲ್ಲಿ ‘ಶಿವಾಯ್’ ಸಿನಿಮಾ ನೋಡಿದೆ. ಕತೆ ನಡೆಯುವುದು ನಾವಿರುವ ದೇಶದಲ್ಲೇ ಅಂತ ಸುಮಕ್ಕ ಹೇಳಿದಳು. ಅಲ್ಲಿ ಮಗುವನ್ನು ಎತ್ತಿಕೊಂಡು ಹೋದರು. ಆದ್ದರಿಂದ ಪುಟ್ಟಿಯನ್ನು ತಿಪಟೂರಿಗೆ ತಂದು ಬಿಡಬೇಕು, ಅಲ್ಲಿಯವರೆಗೆ ನಿನಗೆ ಸೋಮವಾರ ಒಪ್ಪತ್ತು. ಶಿವನ ಹೆಸರಿನ ಸಿನಿಮಾ ನೋಡಿ ಹೆದರಿ ಶಿವನಿಗೇ ಹರಕೆ ಹೊತ್ತಿದ್ದೀಯಲ್ಲ, ಅವನಾದರೂ ಏನು ಮಾಡಬೇಕು ಹೇಳು.

ನಿನ್ನ ಚೀಟಿ ಬಂದ ರಾತ್ರಿ ಪುಟ್ಟಿ ಮಲಗಿದ ಮೇಲೆ ಇವರು ಆ ಸಿನಿಮಾ ಮತ್ತೆ ಹಾಕಿದರು. 2016ರ ದೀಪಾವಳಿಗೆ ಅದು ಬಂದಾಗ ನಾವು ಬೆಂಗಳೂರಿನಲ್ಲಿ ನೋಡಿದ್ದೆವು. ಬಲ್ಗೇರಿಯಾ ಎಲ್ಲಿದೆ ಅಂತ ಕೂಡ ಆಗ ಗೊತ್ತಿರಲಿಲ್ಲ. ಈ ಸಲ ಅಜಯ್ ದೇವಗನ್ ಕಾರುಗಳ ಮಧ್ಯೆ ನುಗ್ಗುತ್ತಿದ್ದರೆ ಇವರು, ‘ಇಷ್ಟು ಗಾಡಿ ಜಖಂ ಆದರೆ ಇನ್ಶೂರೆನ್ಸ್ ಯಾರು ಕೊಡ್ತಾರೆ?’ ಅಂತ ಗೊಣಗುತ್ತಿದ್ದರು. ಮಧ್ಯದಲ್ಲಿ ನಾನೊಮ್ಮೆ ಎದ್ದು ಹೋಗಿ ಪುಟ್ಟಿಯ ರೂಮಿನ ಕಿಟಕಿ ಭದ್ರವಾಗಿದೆಯಾ ನೋಡಿ ಬಂದೆ. ಅಪ್ಪ, ಈ ಸಾಲನ್ನು ಅಮ್ಮನಿಗೆ ಓದಿ ಹೇಳಬೇಡಿ.

ಸಿನಿಮಾ ಪೂರ್ತಿ ಕೆಟ್ಟದ್ದು ಅಂತ ನಾನು ಹೇಳಲ್ಲ. ಹಿಮಾಲಯದ ಭಾಗ ಚೆನ್ನಾಗಿದೆ. ಮಾತು ಬಾರದ ಮಗಳು, ಅವಳ ಕೈಸನ್ನೆ ಅರ್ಥ ಮಾಡಿಕೊಳ್ಳುವ ಅಪ್ಪ, ಇಷ್ಟರಲ್ಲೇ ಒಂದು ಒಳ್ಳೆಯ ಕತೆಯಿತ್ತು. ತನ್ನನ್ನು ಬಿಟ್ಟು ಹೋದ ಅಮ್ಮನನ್ನು ನೋಡಬೇಕು ಅಂತ ಆ ಮಗು ಹಟ ಹಿಡಿಯುತ್ತದಲ್ಲ, ಅಲ್ಲಿ ನನಗೂ ಕಣ್ಣು ತುಂಬಿತು. ಆದರೆ ಮಗು ಕಾಣೆಯಾದ ಮೇಲೆ ಸಿನಿಮಾ ಮಗುವನ್ನೇ ಮರೆತುಬಿಡುತ್ತದೆ. ಒಂದು ಹೊಡೆದಾಟ, ಅದರ ಮೇಲೆ ಇನ್ನೊಂದು. ಮಗು ಏನು ತಿಂತು, ಎಲ್ಲಿ ಮಲಗಿತು, ಎಷ್ಟು ಹೆದರಿತು ಅನ್ನುವುದಕ್ಕೆ ಅಷ್ಟು ಹೊತ್ತು ಕೊಡಲ್ಲ. ಅಪ್ಪ ಎಷ್ಟು ಜನರನ್ನು ಬಡಿದ ಅನ್ನುವುದೇ ಮುಖ್ಯ. ಸೇಡಿನ ಸಿನಿಮಾಗಳೆಲ್ಲ ಹೀಗೇ. ನೋಡುವ ಅಮ್ಮಂದಿರಿಗೆ ಮಾತ್ರ ಮಗುವಿನ ಮುಖವೇ ಮನಸ್ಸಿನಲ್ಲಿ ಉಳಿಯುತ್ತದೆ.

ನಿನ್ನ ಸಮಾಧಾನಕ್ಕೆ ಹೇಳುತ್ತೇನೆ, ಆ ಮಗು ಕ್ಷೇಮವಾಗಿದೆ. ಆ ಪಾತ್ರ ಮಾಡಿದ ಅಬಿಗೇಲ್ ಈಮ್ಸ್ ಇಂಗ್ಲೆಂಡಿನ ಹುಡುಗಿ. ಮಗು ಬಿಟ್ಟು ಹೋದ ಆ ಬಲ್ಗೇರಿಯಾದ ತಾಯಿ ಇದ್ದಾಳಲ್ಲ, ನೀನು ಬಾಯಿಗೆ ಬಂದಂತೆ ಬೈದೆಯಂತೆ, ಆ ನಟಿ ಬಲ್ಗೇರಿಯಾದವಳೇ ಅಲ್ಲ, ಪೋಲೆಂಡಿನವಳು. ಹಿಮ ಕುಸಿದು ಬೀಳುವುದರಲ್ಲಿ ಕಂಪ್ಯೂಟರಿನ ಕೈವಾಡ ಜಾಸ್ತಿ. ಆ ಕೈಚಳಕಕ್ಕೇ ಸಿನಿಮಾಕ್ಕೆ ಸ್ಪೆಷಲ್ ಎಫೆಕ್ಟ್ಸ್ ವಿಭಾಗದಲ್ಲಿ ರಾಷ್ಟ್ರ ಪ್ರಶಸ್ತಿ ಬಂದಿದ್ದು. ಅಪ್ಪ, ಗಿರೀಶ್ ಕಾರ್ನಾಡರು ಇದ್ದಾರೆ ಅಂತ ನೀವೂ ಕೂತು ನೋಡಿದಿರಂತೆ. ನಾನೂ ಅವರಿಗಾಗಿ ಕಾದೆ. ಅಂಥವರನ್ನು ಕರೆದು ರಾಯಭಾರ ಕಚೇರಿಯ ಹುಡುಗಿಗೆ ಅಪ್ಪ ಮಾಡಿ ಕೂರಿಸಿದ್ದಾರೆ. ಹೊಡೆದಾಟದಲ್ಲಿ ಹತ್ತು ನಿಮಿಷ ಕಡಿಮೆ ಮಾಡಿ ಅವರಿಗೆ ನಾಲ್ಕು ಮಾತು ಜಾಸ್ತಿ ಕೊಟ್ಟಿದ್ದರೆ ಸಿನಿಮಾಕ್ಕೇ ಒಳ್ಳೆಯದಿತ್ತು.

ಈಗ ನಿನ್ನ ಅನುಮಾನಗಳಿಗೆ ಬರುತ್ತೇನೆ ಅಮ್ಮ. ವಿಡಿಯೊ ಕಾಲಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲ ಮೇಲೆ ಫೋಟೊ ಇರುವ ಹಾಳೆಗಳನ್ನು ನೋಡಿದೆಯಂತೆ. ಕಾಣೆಯಾದವರ ಪಟ ಅಂದುಕೊಂಡೆಯಂತೆ. ಅಯ್ಯೋ, ಅವರು ಕಾಣೆಯಾದವರಲ್ಲ, ತೀರಿಕೊಂಡವರು. ಇಲ್ಲಿ ಯಾರಾದರೂ ಸತ್ತರೆ ಅವರ ಫೋಟೊ ಹಾಕಿ, ನಾಲ್ಕು ಸಾಲು ಬರೆದು, ಮನೆ ಬಾಗಿಲಿಗೆ, ಮರಕ್ಕೆ, ಬಸ್ ಸ್ಟಾಪಿಗೆ ಅಂಟಿಸುತ್ತಾರೆ. ನಲವತ್ತು ದಿನಕ್ಕೊಂದು, ವರ್ಷಕ್ಕೊಂದು ಹೊಸ ಹಾಳೆ ಬರುತ್ತದೆ. ನಮ್ಮೂರ ಸರ್ಕಲ್ಲಿನ ಶ್ರದ್ಧಾಂಜಲಿ ಫ್ಲೆಕ್ಸ್ ಇದೆಯಲ್ಲ, ಅದೇ, ಅಳತೆ ಮಾತ್ರ ಚಿಕ್ಕದು. ಕೈ ಮುಗಿದು ನಿಂತ ಪುಢಾರಿಗಳ ಫೋಟೊ ಕೂಡ ಇರಲ್ಲ. ನೀನು ನೋಡಿದ ಫೋಟೊ ಮೂರನೇ ಮಹಡಿಯ ತಾತನದು. ತೊಂಬತ್ತು ದಾಟಿತ್ತು ಅವರಿಗೆ.

ಪುಟ್ಟಿಯ ಕೈಯಲ್ಲಿ ಕೆಂಪು ಬಿಳಿ ದಾರ ಯಾರು ಕಟ್ಟಿದ್ದು, ಏನಾದರೂ ಮಾಟವಾ ಅಂತಲೂ ಕೇಳಿದ್ದೀಯ. ಅದನ್ನು ಕಟ್ಟಿದ್ದು ಅವಳ ಟೀಚರ್. ಮಾರ್ಚ್ 1ಕ್ಕೆ ಇಲ್ಲಿ ಎಲ್ಲರೂ ಎಲ್ಲರಿಗೂ ಈ ದಾರ ಕಟ್ಟುತ್ತಾರೆ. ಮಾರ್ತೆನಿತ್ಸಾ ಅಂತ ಹೆಸರು. ಚಳಿ ಮುಗಿಸುವ ಮಾರ್ತಾ ಅಜ್ಜಿಯ ಹಬ್ಬವಂತೆ. ಆರೋಗ್ಯವಾಗಿರಲಿ ಅಂತ ಕಟ್ಟುವುದು. ಕೊಕ್ಕರೆಯನ್ನೋ ಹೂ ಬಿಟ್ಟ ಮರವನ್ನೋ ಕಂಡ ದಿನ ಬಿಚ್ಚಿ ಮರದ ಕೊಂಬೆಗೆ ಕಟ್ಟಬೇಕು. ಬ್ಯಾಂಕಿನ ಮ್ಯಾನೇಜರ್ ಕೈಯಲ್ಲೂ ಇದೆ, ಇವರ ಕೈಯಲ್ಲೂ ಇದೆ. ನಿನಗೂ ಒಂದು ಈ ಕವರಿನಲ್ಲಿ ಇಟ್ಟಿದ್ದೇನೆ. ಕಟ್ಟಿಕೋ, ಹೆದರಬೇಡ.

ಇನ್ನು ಶಾಲೆ. ಗೇಟಿನಲ್ಲಿ ಯಾರು ಬಂದರೂ ಮಗುವನ್ನು ಕೊಟ್ಟುಬಿಡುತ್ತಾರಾ ಅಂದೆ. ಕೊಡಲ್ಲ. ಕರೆದುಕೊಂಡು ಹೋಗುವವರ ಹೆಸರು ನಾವು ಮೊದಲೇ ಬರೆದುಕೊಟ್ಟಿರುತ್ತೇವೆ. ನಿನ್ನ ಅಳಿಯನಿಗೇ ಒಮ್ಮೆ ಕೊಟ್ಟಿಲ್ಲ. ಬಲ್ಗೇರಿಯಾದವರು ಹೌದು ಅನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ, ಅಲ್ಲ ಅನ್ನಲು ಮೇಲೆ ಕೆಳಗೆ. ಶಾಲೆ ಶುರುವಾದ ಹೊಸದು, ‘ನೀವೇ ಇವಳ ತಂದೆಯಾ?’ ಅಂತ ಟೀಚರ್ ಕೇಳಿದರು. ಇವರು ಜೋರಾಗಿ ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಆಕೆ ಪುಟ್ಟಿಯನ್ನು ಬೆನ್ನ ಹಿಂದೆ ಎಳೆದುಕೊಂಡು ನಿಂತರು. ಇವರು ಇನ್ನೂ ಜೋರಾಗಿ ಆಡಿಸಿದರು. ಪುಟ್ಟಿ ನಗುತ್ತಾ ನಿಂತಿದ್ದಳೇ ಹೊರತು ಬಾಯಿ ಬಿಡಲಿಲ್ಲ, ಕಳ್ಳಿ. ನಾನು ಆಫೀಸಿನಿಂದ ಓಡಿ ಬರುವವರೆಗೂ ಬಿಟ್ಟಿರಲಿಲ್ಲ. ನಿನ್ನ ಸಿನಿಮಾದಲ್ಲಿ ಪೊಲೀಸರು ಅಪ್ಪನನ್ನೇ ಕಳ್ಳ ಅಂದುಕೊಳ್ಳುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಸೀನ್ ಒಂದು ಮಾತ್ರ ನಿಜವಾಗಿ ನಡೆದಿದೆ.

ಇನ್ನೊಂದು ವಿಷಯ ಗೊತ್ತಾ? ಇಲ್ಲಿಯ ಮಕ್ಕಳನ್ನು ಅಪ್ಪ ಅಮ್ಮಂದಿರಲ್ಲಿ ಒಬ್ಬರೇ ದೇಶದಾಚೆ ಕರೆದುಕೊಂಡು ಹೋಗಬೇಕಾದರೆ ಇನ್ನೊಬ್ಬರು ನೋಟರಿ ಮುಂದೆ ಒಪ್ಪಿಗೆ ಬರೆದುಕೊಡಬೇಕು. ಹೆತ್ತ ತಾಯಿಗೇ ಇಷ್ಟು ಕಾಗದ ಕೇಳುವ ದೇಶ ಇದು. ಮಗು ಕಾಣದಿದ್ದರೆ ಯುರೋಪಿನ ದೇಶಗಳಲ್ಲಿ 116000 ಅಂತ ಒಂದೇ ನಂಬರ್ ಇದೆ, ಬೇರೆ ಎಲ್ಲ ತುರ್ತಿಗೆ 112. ಎರಡೂ ಪುಟ್ಟಿಗೆ ಬಾಯಿಪಾಠ. ಸಿನಿಮಾದ ಅಪ್ಪ ಒಬ್ಬನೇ ಊರೆಲ್ಲ ಓಡುವ ಬದಲು ಒಂದು ಫೋನ್ ಮಾಡಬಹುದಿತ್ತು. ಮಾಡಿದರೆ ಸಿನಿಮಾ ಮಧ್ಯಂತರಕ್ಕೇ ಮುಗಿಯುತ್ತಿತ್ತು, ಅದು ಬೇರೆ ಮಾತು.

‘ಆ ಮಗುವಿಗೆ ಮಾತು ಬರಲ್ಲ, ನಮ್ಮ ಮಗುವಿಗೆ ಆ ಭಾಷೆ ಬರಲ್ಲ, ಎರಡೂ ಒಂದೇ’ ಅಂತ ಬರೆದಿದ್ದೀಯ. ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಬಂದ ಹೊಸದರಲ್ಲಿ ಹಾಗೇ ಇತ್ತು, ನಿಜ. ಈಗ ಸಂತೆಯಲ್ಲಿ ನಮಗೆ ಅವಳೇ ದುಭಾಷಿ. ತರಕಾರಿ ಅಜ್ಜಿಯ ಜೊತೆ ಟೊಮೆಟೊ ಮೆತ್ತಗಿದೆ ಅಂತ ಜಗಳ ಆಡುತ್ತಾಳೆ. ಇಲ್ಲಿಯ ಅಕ್ಷರ ನನಗಿಂತ ಬೇಗ ಓದುತ್ತಾಳೆ. ಕೆಳಗಿನ ಮನೆಯ ಅಜ್ಜಿಗಂತೂ ಇವಳು ಎಂದರೆ ಪ್ರಾಣ. ಆ ಅಜ್ಜಿ ದಿನವಿಡೀ ಕಿಟಕಿಯಲ್ಲೇ ಇರುತ್ತಾರೆ. ನಾವು ಎಷ್ಟು ಗಂಟೆಗೆ ಹೋದೆವು, ಬಂದೆವು, ಚೀಲದಲ್ಲಿ ಏನಿತ್ತು, ಎಲ್ಲ ಅವರಿಗೆ ಗೊತ್ತು. ನೀನೇ ಇಲ್ಲಿದ್ದರೂ ಇಷ್ಟು ಕಾವಲು ಕಾಯುತ್ತಿದ್ದೆಯೋ ಇಲ್ಲವೋ. ಊಟದ ಚಿಂತೆಯೂ ಬೇಡ. ಇಲ್ಲಿಯ ಮೊಸರು ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ. ಮೊಸರಿನ ಬ್ಯಾಕ್ಟೀರಿಯಾಕ್ಕೇ ತಮ್ಮ ದೇಶದ ಹೆಸರಿದೆ ಅಂತ ಇಲ್ಲಿಯವರಿಗೆಲ್ಲ ಜಂಬ. ಪುಟ್ಟಿ ಎರಡು ಹೊತ್ತೂ ಮೊಸರನ್ನ ತಿನ್ನುತ್ತಾಳೆ.

ನಿನ್ನ ಹೆದರಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು ಅಮ್ಮ. 2000ನೇ ಇಸವಿ ಜುಲೈ 30ರ ರಾತ್ರಿ ಗಾಜನೂರಿನಿಂದ ವೀರಪ್ಪನ್ ರಾಜ್‌ಕುಮಾರರನ್ನು ಹೊತ್ತುಕೊಂಡು ಹೋದಾಗ ನೀನು ಹೇಗಿದ್ದೆ ಅಂತ ನೆನಪಿದೆ. ಆಗಲೂ ಒಪ್ಪತ್ತು. ಆಗಲೂ ರೇಡಿಯೊ ಪಕ್ಕದಲ್ಲೇ ನಿದ್ದೆ. 108 ದಿನ ಆದ ಮೇಲೆ ನವೆಂಬರ್ 15ಕ್ಕೆ ಅವರು ಬಿಡುಗಡೆಯಾದರು ಅಂದಾಗ ನೀನು ಇಡೀ ಬೀದಿಗೆ ಸಿಹಿ ಹಂಚಿದ್ದೆ. ಆದರೆ ನೋಡು, ಅವರನ್ನು ಬಿಡಿಸಲು ಯಾವ ಹೀರೋನೂ ಬೆಟ್ಟದಿಂದ ಹಗ್ಗ ಹಿಡಿದು ಇಳಿಯಲಿಲ್ಲ. ತಮಿಳು ಪತ್ರಿಕೆಯ ಸಂಪಾದಕ ನಕ್ಕೀರನ್ ಗೋಪಾಲ್ ಮತ್ತೆ ಮತ್ತೆ ಕಾಡಿಗೆ ಹೋಗಿ ಮಾತಾಡಿದರು, ಆಮೇಲೆ ಬೇರೆಯವರೂ ಹೋದರು. ಸಿನಿಮಾದಲ್ಲಿ ನೂರು ಜನರನ್ನು ಹೊಡೆದ ನಮ್ಮ ಅಣ್ಣಾವ್ರೇ ಅಲ್ಲಿ ಕಾದು ಕೂರಬೇಕಾಯಿತು. ಆಗ ನಿನಗೆ ಬಿಪಿ ಇರಲಿಲ್ಲ, ಒಪ್ಪತ್ತು ತಡೆಯಿತು. ಈಗ ತಡೆಯಲ್ಲ.

ಅದೇ ನನಗೆ ಭಯ. ದೊಡ್ಡಮ್ಮನಿಗೆ ಏನಾಯಿತು ಮರೆತೆಯಾ? ಅವರೂ ಶ್ರಾವಣದಲ್ಲಿ ಹೀಗೇ ಮಾತ್ರೆ ಬಿಟ್ಟರು. ‘ನನಗೇನೂ ಆಗಿಲ್ಲ, ತಲೆ ಸ್ವಲ್ಪ ಭಾರ’ ಅಂದರು. ಬಲಗೈ ಬಿದ್ದು ಹೋಯಿತು, ಇವತ್ತಿಗೂ ತುತ್ತು ಎತ್ತಲು ಆಗಲ್ಲ. ಬಿಪಿ ಏರಿದ್ದು ಮೈಗೆ ಗೊತ್ತಾಗಲ್ಲ ಅಮ್ಮ, ಅದೇ ಅದರ ಕೆಟ್ಟ ಗುಣ. ಒಂದು ದಿನ ನುಂಗಿ ಒಂದು ದಿನ ಬಿಟ್ಟರೆ ಏರುತ್ತಾ ಇಳಿಯುತ್ತಾ ಇರುತ್ತದೆ. ಒಪ್ಪತ್ತು ಬೇಡ ಅಂತ ನಾನು ಹೇಳಲ್ಲ, ಡಾಕ್ಟರನ್ನು ಒಂದು ಮಾತು ಕೇಳಿ ಮಾಡು. ಆದರೆ ಮಾತ್ರೆಯನ್ನು ಯಾವ ದೇವರೂ ಊಟ ಅಂತ ಲೆಕ್ಕ ಹಾಕಲ್ಲ. ಬೆಳಿಗ್ಗೆ ಒಂದು ಲೋಟ ನೀರಿನಲ್ಲಿ ನುಂಗಿಬಿಡು. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡು. ಒಪ್ಪತ್ತು ಅಂತ ಹೇಳಿ ರಾತ್ರಿ ಅವಲಕ್ಕಿಗೆ ಉಪ್ಪಿನಕಾಯಿ ಕಲಸಿ ತಿನ್ನುತ್ತೀಯ ಅಂತಲೂ ನನಗೆ ಸುದ್ದಿ ಬಂದಿದೆ. ಶಶಿಯನ್ನು ಬೈಬೇಡ, ಹೇಳಿದ್ದು ಅವನಲ್ಲ.

ಶಶಿಯ ಖಾತೆಗೆ ದುಡ್ಡು ಹಾಕಿದ್ದೇನೆ. ಈ ಜನವರಿಯಿಂದ ಇಲ್ಲಿ ಲೆವ ಹೋಗಿ ಯೂರೋ ಬಂದಿದೆ, ನಮಗಿನ್ನೂ ಲೆಕ್ಕ ಸರಿಯಾಗಿ ಕೂತಿಲ್ಲ. ಅದಕ್ಕೇ ಸ್ವಲ್ಪ ಜಾಸ್ತಿಯೇ ಹೋಗಿರಬೇಕು, ವಾಪಸ್ ಕಳಿಸುವ ಕೆಲಸ ಬೇಡ. ಅದರಲ್ಲಿ ತೋಳಿಗೆ ಕಟ್ಟಿ ನೋಡುವ ಬಿಪಿ ಮೆಷಿನ್ ತರಲಿ. ಅಪ್ಪ, ದಿನಾ ಬೆಳಿಗ್ಗೆ ನೋಡಿ ಹಳೆಯ ಹಾಜರಿ ಪುಸ್ತಕದಂಥದ್ದರಲ್ಲಿ ಬರೆದಿಡಿ, ಫೋಟೊ ತೆಗೆದು ಕಳಿಸಿ. ಈ ಸಲ ಅಂಚಿನಲ್ಲಿ ಬರೆಯಬೇಡಿ.

ಪುಟ್ಟಿಯನ್ನು ಅಲ್ಲಿಗೆ ಬಿಡುವ ಮಾತು ಮಾತ್ರ ಆಗಲ್ಲ ಅಮ್ಮ, ಕೋಪ ಮಾಡಿಕೊಳ್ಳಬೇಡ. ಅವಳನ್ನು ಬಿಟ್ಟು ನಾನಿಲ್ಲಿ ಇದ್ದರೆ ನನಗೂ ಮಾತ್ರೆ ಶುರುವಾಗುತ್ತದೆ. ರಜೆ ಬಂದ ಕೂಡಲೇ ಜೂನ್‌ನಲ್ಲಿ ಕರೆದುಕೊಂಡು ಬರುತ್ತೇನೆ. ಸೆಪ್ಟೆಂಬರ್ 15ಕ್ಕೆ ಇಲ್ಲಿ ಶಾಲೆ ಶುರು, ಅಲ್ಲಿಯವರೆಗೆ ನಿನ್ನ ಹತ್ತಿರವೇ ಇರಲಿ. ನಾನು ಬಂದಾಗ ನಿನ್ನ ಬಿಪಿ 130ರ ಒಳಗೆ ಇರಬೇಕು. ಇಲ್ಲದಿದ್ದರೆ ನಿನ್ನನ್ನೇ ಎತ್ತಿಕೊಂಡು ಇಲ್ಲಿಗೆ ಬರುತ್ತೇನೆ, ಯಾವ ಅಜಯ್ ದೇವಗನ್ ಬಂದರೂ ಬಿಡಲ್ಲ.

ಮತ್ತೆ ಹೇಳುತ್ತೇನೆ, ನಾವು ಕ್ಷೇಮ, ಪುಟ್ಟಿ ಕ್ಷೇಮ, ಊರು ಕ್ಷೇಮ, ಏನೂ ಯೋಚನೆ ಬೇಡ. ಅಜ್ಜಿಗೆ ನಮಸ್ಕಾರ. ಶಶಿಗೆ ಹೆಲ್ಮೆಟ್ ಹಾಕಿಕೊಳ್ಳಲು ಹೇಳಿ. ಬರೆಯುವುದು ಇನ್ನೂ ಇತ್ತು, ಶಾಲೆ ಬಿಡುವ ಹೊತ್ತಾಯಿತು. ಲೇಟಾದರೆ ಆ ಟೀಚರ್ ನನ್ನನ್ನೂ ವಿಚಾರಣೆ ಮಾಡುತ್ತಾರೆ. ದಾರಿಯಲ್ಲೇ ಪೋಸ್ಟ್ ಮಾಡುತ್ತೇನೆ.

ಇತಿ ನಿಮ್ಮ ಮಗಳು
ಸವಿತಾ

ಅಪ್ಪ, ಸುಮಕ್ಕನಿಗೆ ಸ್ವಲ್ಪ ಹೇಳಿ, ಅಮ್ಮನ ಮುಂದೆ ಇನ್ನು ಧಾರಾವಾಹಿ ಬಿಟ್ಟು ಬೇರೇನೂ ಹಾಕುವುದು ಬೇಡ. ಮಾತ್ರೆ!