ಚಾಂಗಿಯಿಂದ ಹಡಗಿನವರೆಗೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಹಡಗಿನ ಮೇಲಿನ ಡೆಕ್ಕಿನಲ್ಲಿ ನಾವು ನಾಲ್ವರೂ ನಿಂತಿರುವ ಫೋಟೊದ ಕೆಳಗೆ ನೀನು ಬರೆದದ್ದಕ್ಕೆ ಅಂದು ಒಂದು ಹೃದಯದ ಗುರುತು ಒತ್ತಿ ಸುಮ್ಮನಾಗಿದ್ದೆ. ‘ಎರಡು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಇಷ್ಟು ಅಚ್ಚುಕಟ್ಟಾಗಿ ಹೋಗಿ ಬಂದಿದ್ದೀಯಲ್ಲ, ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಿಂದ ಹಡಗಿನ ತನಕ ಹೇಗೆ ಹೋದಿರಿ ಬರಿ, ಡಿಸೆಂಬರಿನಲ್ಲಿ ನಾವೂ ಹೊರಟಿದ್ದೇವೆ’ ಎಂದು ನೀನು ಕೇಳಿದ್ದೆ. ಅದನ್ನೇ ಇನ್ನೂ ನಾಲ್ಕಾರು ಜನ ಕೇಳಿದ್ದರಿಂದ ಉತ್ತರವನ್ನು ಎಲ್ಲರಿಗೂ ಕಾಣುವಂತೆಯೇ ಬರೆಯುತ್ತಿದ್ದೇನೆ. ನಿನಗೆ ಮಾತ್ರ ಅರ್ಥವಾಗಬೇಕಾದದ್ದು ನಿನಗೆ ಮಾತ್ರವೇ ಅರ್ಥವಾಗುತ್ತದೆ, ಅರಸೀಕೆರೆಯ ಛತ್ರಿಯಾಣೆ.

ಮೊದಲು ಕಾಗದಪತ್ರ. ನಮ್ಮ ಪಾಸ್‌ಪೋರ್ಟಿಗೆ ಸಿಂಗಪುರದ ವೀಸಾ ಬೇಕೇ ಬೇಕು. ಹಡಗು ಹತ್ತಿದರೆ ಆ ದೇಶ ಬಿಟ್ಟಂತೆ, ಇಳಿದರೆ ಮತ್ತೆ ಒಳಗೆ ಬಂದಂತೆ. ಆದ್ದರಿಂದ ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಅವಕಾಶ ಇದೆಯೇ ಎಂಬುದನ್ನು ಕಣ್ಣಾರೆ ನೋಡಿಕೋ. ಆಗಮನ ಪತ್ರವನ್ನು (ಅರೈವಲ್ ಕಾರ್ಡ್) ಇಳಿಯುವುದಕ್ಕೆ ಮೂರು ದಿನ ಇರುವಾಗಿನಿಂದ ಅಂತರ್ಜಾಲದಲ್ಲೇ ತುಂಬಬಹುದು, ಅದು ಉಚಿತ, ಕಂಕುಳಲ್ಲಿರುವ ಕೂಸಿಗೂ ಪ್ರತ್ಯೇಕ. ಅದಕ್ಕೆ ದುಡ್ಡು ಕೇಳುವ ಜಾಲತಾಣಗಳೂ ಇವೆ, ಆ ಕಡೆ ತಲೆ ಹಾಕಬೇಡ. ಹಡಗಿನಿಂದ ಮರಳಿ ಇಳಿಯುವಾಗ ಇನ್ನೊಮ್ಮೆ ತುಂಬಬೇಕು.

ಬೆಂಗಳೂರಿನಿಂದ ರಾತ್ರಿ ವಿಮಾನದಲ್ಲಿ ಹೊರಟರೆ ನಾಲ್ಕೂವರೆ ಗಂಟೆಯ ಹಾರಾಟ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದರಿಂದ, ಇಳಿದಾಗ ಬೆಳಗಿನ ಆರು ಗಂಟೆಯೆಂದು ಅಲ್ಲಿನ ಗೋಡೆ ಹೇಳಿದರೆ, ಮಕ್ಕಳ ಮೈ ಇನ್ನೂ ಮೂರೂವರೆ ಎಂದೇ ವಾದಿಸುತ್ತಿರುತ್ತದೆ. ನಮಗೆ ಹಡಗು ಹತ್ತಲು ಕೊಟ್ಟ ಸಮಯ ಮಧ್ಯಾಹ್ನ ಒಂದು ಗಂಟೆ. ನಡುವಿನ ಏಳು ಗಂಟೆಗಳನ್ನು ಹೇಗೆ ಕಳೆಯುವುದೆಂಬುದೇ ನಿಜವಾದ ಪರೀಕ್ಷೆ. ಹಣವಿದ್ದರೆ ಹಿಂದಿನ ದಿನವೇ ಹೋಗಿ ಒಂದು ರಾತ್ರಿ ಹೋಟೆಲಿನಲ್ಲಿ ಮಲಗು. ನಾನು ಉಳಿಸಿದ ಆ ಒಂದು ರಾತ್ರಿಯ ಬಾಡಿಗೆಗೆ ತೆತ್ತ ಬೆಲೆ ಏನೆಂಬುದು ಮುಂದೆ ತಿಳಿಯುತ್ತದೆ.

ಆ ಏಳು ಗಂಟೆಗಳನ್ನು ನಾವು ನಿಲ್ದಾಣಕ್ಕೆ ಅಂಟಿಕೊಂಡೇ ಇರುವ ಜ್ಯುವೆಲ್ ಎಂಬ ಗಾಜಿನ ಮಾಳಿಗೆಯಲ್ಲಿ ಕಳೆದೆವು. ದುಡ್ಡು ಕೊಟ್ಟು ನಮ್ಮ ದೊಡ್ಡ ಪೆಟ್ಟಿಗೆಗಳನ್ನು ಇಟ್ಟುಹೋಗುವ ಕೌಂಟರು ಇದೆ. ಒಳಗೆ ಚಾವಣಿಯ ನಡುವಿನಿಂದ 40 ಮೀಟರ್ ಎತ್ತರದ ಜಲಪಾತವೊಂದು ಬೀಳುತ್ತದೆ. 253 ಮೀಟರಿನ ಜೋಗ ನೋಡಿ ಬೆಳೆದ ನನಗೆ ಮೂಗು ಮುರಿಯುವ ಆಸೆಯಾಯಿತು. ಆದರೆ ಹೊತ್ತು ಗೊತ್ತು ಮಾಡಿ ನೀರು ಬಿಡುವ ವಿಷಯದಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಮಕ್ಕಳಾದ ನಾವು ಇನ್ನೊಬ್ಬರನ್ನು ಆಡಿಕೊಳ್ಳುವ ಹಾಗಿಲ್ಲ. ಚಿಕ್ಕವನು ನೀರು ನೋಡುತ್ತಲೇ ಸ್ಟ್ರೋಲರಿನಲ್ಲಿ ಮಲಗಿದ. ದೊಡ್ಡವಳು, ಆರು ವರ್ಷದವಳು, ನಿದ್ದೆಗೆಟ್ಟ ಕಣ್ಣಿನಲ್ಲಿ ಕಿತ್ತಳೆ ಹಣ್ಣಿನ ರಸ ಎರಡು ಲೋಟ ಕುಡಿದಳು. ಈ ಎರಡು ಲೋಟವನ್ನು ನೆನಪಿಟ್ಟುಕೋ.

ಅಲ್ಲಿಂದ ಹಡಗಿಗೆ ರೈಲಿನಲ್ಲೂ ಹೋಗಬಹುದು. ಚಾಂಗಿಯಿಂದ ಹೊರಟು ತಾನಾ ಮೇರಾದಲ್ಲಿ ಒಮ್ಮೆ, ಊರೊಳಗೆ ಇನ್ನೊಮ್ಮೆ ಬದಲಿಸಿ, ಮರೀನಾ ಸೌತ್ ಪಿಯರ್ ಎಂಬ ಕೊನೆಯ ನಿಲ್ದಾಣದಲ್ಲಿ ಇಳಿದು ನಡೆಯಬೇಕು. ಎಲ್ಲ ಕಡೆ ಲಿಫ್ಟ್ ಇದೆ, ಸ್ಟ್ರೋಲರನ್ನು ಮಡಚಬೇಕಾಗಿಲ್ಲ, ಖರ್ಚು ನಗಣ್ಯ. ಆದರೆ ರೈಲಿನೊಳಗೆ ತಿನ್ನುವುದು, ಕುಡಿಯುವುದು ನಿಷಿದ್ಧ, 500 ಡಾಲರಿನವರೆಗೂ ದಂಡ ಬೀಳಬಹುದು. ಅಮ್ಮ ಕಟ್ಟಿಕೊಟ್ಟ ನಿಪ್ಪಟ್ಟಿನ ಡಬ್ಬಿಯ ಮುಚ್ಚಳದ ಸದ್ದಿಗೇ ಎಚ್ಚರಗೊಳ್ಳುವ ಮಗನನ್ನು ಇಟ್ಟುಕೊಂಡು, ಮೂರು ಸೂಟ್‌ಕೇಸ್ ಎಳೆದುಕೊಂಡು, ಎರಡು ಸಲ ರೈಲು ಬದಲಿಸುವ ಧೈರ್ಯ ನನಗೆ ಬರಲಿಲ್ಲ. ಒಂದು ಮಗು, ಬೆನ್ನಿಗೊಂದು ಚೀಲ ಅಷ್ಟೇ ಆಗಿದ್ದರೆ ರೈಲೇ ಸೊಗಸು.

ಆ್ಯಪ್ ತೆರೆದು ಕಾರು ಕರೆಸಿದೆ. ಬಂದ ಚಾಲಕ ಮಕ್ಕಳನ್ನು ನೋಡಿ, ಕೈ ಮುಗಿಯದಿದ್ದರೂ ಹೆಚ್ಚುಕಡಿಮೆ ಹಾಗೇ ಬಾಗಿ, ಹೊರಟುಹೋದ. ತಪ್ಪು ಅವನದಲ್ಲ. 1.35 ಮೀಟರಿಗಿಂತ ಗಿಡ್ಡಗಿರುವವರು ಕಾರಿನಲ್ಲಿ ಮಕ್ಕಳ ಸೀಟಿನಲ್ಲೋ ಎತ್ತರಿಸುವ ಬೂಸ್ಟರಿನಲ್ಲೋ ಕೂರಬೇಕೆಂಬುದು ಅಲ್ಲಿನ ಕಾನೂನು. ಟ್ಯಾಕ್ಸಿಗೆ ಇದರಿಂದ ವಿನಾಯಿತಿ ಇದೆ, ಆ್ಯಪಿನಲ್ಲಿ ಬರುವ ಖಾಸಗಿ ಕಾರಿಗೆ ಇಲ್ಲ. ಮಕ್ಕಳ ಸೀಟಿರುವ ಕಾರು ಬೇಕೆಂದು ಮೊದಲೇ ಆರಿಸಬೇಕು, ಇಲ್ಲವೇ ಸಾಲಿನಲ್ಲಿ ನಿಂತು ಟ್ಯಾಕ್ಸಿ ಹಿಡಿಯಬೇಕು. ವಿನಾಯಿತಿ ಇದೆ ಎಂದಮಾತ್ರಕ್ಕೆ ಮಗು ಟ್ಯಾಕ್ಸಿಯಲ್ಲಿ ಸುರಕ್ಷಿತ ಎಂದು ಅರ್ಥವಲ್ಲ. ನಾನೇನಾದರೂ ಮತ್ತೆ ಹೋದರೆ ಸೀಟಿರುವ ಕಾರನ್ನೇ ಗೊತ್ತು ಮಾಡುತ್ತೇನೆ. ಸಾಧಾರಣ ಟ್ಯಾಕ್ಸಿಯ ಡಿಕ್ಕಿಯಲ್ಲಿ ಮೂರು ಸೂಟ್‌ಕೇಸೂ ಸ್ಟ್ರೋಲರೂ ಹಿಡಿಯುವುದಿಲ್ಲ, ದೊಡ್ಡ ಗಾಡಿ ಬೇಕು. ಅದನ್ನು ಅಲ್ಲಿಯೂ ಮ್ಯಾಕ್ಸಿಕ್ಯಾಬ್ ಎನ್ನುತ್ತಾರೆ. ಮೆಟ್ಟಿಲಿಗೆ ಜೋತು ಬಿದ್ದು ತೀರ್ಥಹಳ್ಳಿಗೆ ಹೋಗುತ್ತಿದ್ದ ನಮಗೆ, ಆ ಹೆಸರಿನ ಗಾಡಿಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಬೆಲ್ಟು ಇದ್ದದ್ದು ನೋಡಿ ನಗು ಬಂತು.

ಎಲ್ಲಿಗೆ ಎಂದು ಚಾಲಕ ಕೇಳಿದ. ‘ಸಿಂಗಪುರ್ ಕ್ರೂಸ್ ಸೆಂಟರ್’ ಎಂದೆ, ಬಹಳ ಗತ್ತಿನಿಂದ. ‘ರೀ, ಟಿಕೆಟ್ಟಿನಲ್ಲಿ ಇನ್ನೇನೋ ಹೆಸರು ಇದ್ದ ಹಾಗಿತ್ತು, ಒಂದು ಸಲ ನೋಡಬಾರದೇ’ ಎಂದಳು ಇವಳು. ‘ಏಳು ತಿಂಗಳಿಂದ ನೋಡುತ್ತಿರುವುದು ನಾನು’ ಎಂದೆ.

ಆ ಊರಿನಲ್ಲಿ ಪ್ರವಾಸಿ ಹಡಗುಗಳು ನಿಲ್ಲುವ ಕಟ್ಟೆಗಳು ಎರಡು. ಹಾರ್ಬರ್‌ಫ್ರಂಟ್‌ನಲ್ಲಿರುವುದು ಸಿಂಗಪುರ್ ಕ್ರೂಸ್ ಸೆಂಟರ್. ಇಂಡೋನೇಷ್ಯದ ಬಾತಾಮ್‌ಗೆ ಹೋಗುವ ಫೆರ‍್ರಿಗಳೂ ಅಲ್ಲಿಂದಲೇ. 2012ರಲ್ಲಿ ಶುರುವಾದ ಇನ್ನೊಂದರ ಹೆಸರು ಮರೀನಾ ಬೇ ಕ್ರೂಸ್ ಸೆಂಟರ್ ಸಿಂಗಪುರ್. ದೊಡ್ಡ ಹಡಗುಗಳು ಹೆಚ್ಚಾಗಿ ನಿಲ್ಲುವುದು ಅಲ್ಲಿ. ನಮ್ಮದೂ ಅಲ್ಲಿತ್ತು. ನಾವು ಹಾರ್ಬರ್‌ಫ್ರಂಟ್‌ನಲ್ಲಿ ಇಳಿದು, ಪೆಟ್ಟಿಗೆಗಳನ್ನೆಲ್ಲ ಇಳಿಸಿ, ಟ್ಯಾಕ್ಸಿಯನ್ನು ಕಳಿಸಿಕೊಟ್ಟ ಮೇಲೆ, ಬಾಗಿಲ ಬಳಿ ನಿಂತಿದ್ದ ಹಿರಿಯರೊಬ್ಬರು ನನ್ನ ಕಾಗದ ನೋಡಿ ನಿಧಾನವಾಗಿ ತಲೆಯಾಡಿಸಿದರು. ಇವಳು ಏನೂ ಅನ್ನಲಿಲ್ಲ. ಆ ಏನೂ ಅನ್ನದಿರುವಿಕೆಯ ತೂಕ ಮೂರು ಸೂಟ್‌ಕೇಸಿಗಿಂತ ಹೆಚ್ಚಿತ್ತು.

ಆಗ ಮಗಳು ನನ್ನ ಪ್ಯಾಂಟಿನ ಜೇಬನ್ನು ಎಳೆದು, ‘ಅಪ್ಪಾ, ಒಂದಕ್ಕೆ’ ಎಂದಳು. ಶೌಚಾಲಯದ ಫಲಕ ನನ್ನ ಕಣ್ಣೆದುರಿಗೇ ಇತ್ತು. ‘ಐದು ನಿಮಿಷ ತಡ್ಕೋ’ ಎಂದೆ. ಟ್ಯಾಕ್ಸಿಯ ಸಾಲಿನಲ್ಲಿ ಮತ್ತೊಮ್ಮೆ ಹೇಳಿದಳು. ‘ಹಡಗು ಹೋಗಿಬಿಟ್ಟರೆ ನಿನ್ನಿಂದಲೇ’ ಎಂದೆ.

ಈ ಮಾತನ್ನು ಇಲ್ಲಿ ಬರೆಯಬೇಕೆಂದು ಕೂತವನಲ್ಲ, ಬರೆದಾಯಿತು.

ಮರೀನಾ ಬೇ ತಲುಪಿದಾಗ ಒಂದೂ ಹತ್ತು. ಬಾಗಿಲಲ್ಲೇ ಹಮಾಲರು ಚೀಟಿ ಕಟ್ಟಿದ ಸೂಟ್‌ಕೇಸುಗಳನ್ನು ತೆಗೆದುಕೊಂಡು ಹೋದರು. ಅವು ನೇರವಾಗಿ ಕೋಣೆಗೆ ಬರುತ್ತವೆ, ಆದರೆ ಸಂಜೆಗೆ. ಸಾಲು ಹಗ್ಗಗಳ ನಡುವೆ ಹಾವಿನಂತೆ ಸುತ್ತಿತ್ತು. ಎರಡನೆಯ ತಿರುವಿನಲ್ಲಿ ಮಗಳು ನಿಂತಲ್ಲೇ ನಿಂತಳು. ಹಳದಿ ಫ್ರಾಕಿನ ಅಂಚು ಬಣ್ಣ ಬದಲಿಸಿತು, ಬಿಳಿಯ ಕಾಲುಚೀಲ ಒದ್ದೆಯಾಯಿತು. ಅಳಲಿಲ್ಲ. ನೆಲವನ್ನು ನೋಡುತ್ತ, ಬಹಳ ಮೆಲ್ಲಗೆ, ‘ಸಾರಿ ಅಪ್ಪಾ, ಹಡಗು ಹೋಯಿತಾ?’ ಎಂದಳು.

ಹೋಗಿರಲಿಲ್ಲ. ಹಡಗು ಹೊರಡುವುದು ನಾಲ್ಕಕ್ಕೆ, ನಮ್ಮ ಹಡಗಿನವರು ಕೌಂಟರ್ ಮುಚ್ಚುವುದು ಎರಡೂವರೆಗೆ. ನನ್ನ ಬಳಿ ಇನ್ನೂ ಎಂಬತ್ತು ನಿಮಿಷಗಳಿದ್ದವು. ಹಾರ್ಬರ್‌ಫ್ರಂಟ್‌ನಲ್ಲಿ ನಿಂತಾಗ ಇನ್ನೂ ಹೆಚ್ಚೇ ಇದ್ದವು, ಮತ್ತು ಅದು ನನಗೆ ಆಗಲೂ ಗೊತ್ತಿತ್ತು. ಹಡಗು ತಪ್ಪುವ ಭಯದಿಂದ ನಾನು ಆತುರಪಟ್ಟೆ ಎಂದು ಮನೆಗೆ ಮರಳಿದ ಮೇಲೂ ಹಲವು ದಿನ ನಂಬಿಕೊಂಡಿದ್ದೆ. ಅದು ನಿಜವಲ್ಲ. ‘ಒಂದು ಸಲ ನೋಡಬಾರದೇ’ ಎಂದವಳ ಎದುರಿಗೆ ಆ ತಪ್ಪು ಕಟ್ಟೆಯ ಮೇಲೆ ಇನ್ನೊಂದು ನಿಮಿಷವೂ ನಿಲ್ಲಲು ನನ್ನಿಂದ ಆಗಲಿಲ್ಲ, ಅಷ್ಟೇ. ಆ ಮುಖಭಂಗದಿಂದ ಪಾರಾಗಲು ಬೇಕಾದ ಎರಡು ನಿಮಿಷವನ್ನು ಮಗಳ ಲೆಕ್ಕದಿಂದ ಕಿತ್ತುಕೊಂಡೆ, ಮೇಲೆ ಹಡಗಿನ ಅಪವಾದವನ್ನೂ ಅವಳ ತಲೆಗೇ ಕಟ್ಟಿದೆ.

ಇನ್ನು ಆ ಫೋಟೊ. ಬದಲಿಗೆ ಹಾಕಲು ಅವಳ ಬಟ್ಟೆಗಳೆಲ್ಲ ಹಮಾಲರು ಒಯ್ದ ಸೂಟ್‌ಕೇಸಿನಲ್ಲಿದ್ದವು. ಕೈಚೀಲದಲ್ಲಿ ಚಿಕ್ಕವನ ಡೈಪರು, ಹಾಲಿನ ಪುಡಿ, ಜ್ವರದ ಔಷಧಿ, ಪಾಸ್‌ಪೋರ್ಟುಗಳು ಇದ್ದವು. ಇವು ಇವಳು ಇಟ್ಟದ್ದು. ನಾನು ಇಟ್ಟದ್ದು ಒಂದೇ ಒಂದು: ಡೆಕ್ಕಿನ ಮೇಲೆ ಮೊದಲ ಫೋಟೊ ತೆಗೆಸಿಕೊಳ್ಳುವಾಗ ಹಾಕಿಕೊಳ್ಳಲೆಂದು, ಇಸ್ತ್ರಿ ಮಾಡಿ ಮಡಿಸಿದ ನನ್ನ ಟೀ ಶರ್ಟು. ನಮ್ಮ ಬ್ಯಾಚಿನ ಸಮ್ಮಿಲನಕ್ಕೆ ನೀನು ಮಾಡಿಸಿದ್ದು, ಬೆನ್ನ ಮೇಲೆ ಆ ಸಾಲು ಇರುವುದು. (ಸಾಲನ್ನು ಇಲ್ಲಿ ಬರೆಯುವುದಿಲ್ಲ, ಇದನ್ನು ಓದುವವರಲ್ಲಿ ಮೇಷ್ಟರೂ ಇದ್ದಾರೆ.) ಇವಳು ಮಗಳನ್ನು ಶೌಚಾಲಯಕ್ಕೆ ಕರೆದೊಯ್ದು, ಒರೆಸಿ, ಅದನ್ನೇ ತೊಡಿಸಿ, ತನ್ನ ದುಪಟ್ಟಾವನ್ನು ಸೊಂಟಕ್ಕೆ ಸುತ್ತಿ ಕರೆತಂದಳು. ಅಂಗಿ ಮೊಣಕಾಲಿನ ಕೆಳಗೂ ಇಳಿದಿತ್ತು. ಅದನ್ನೇ ನೀವೆಲ್ಲ ‘ಎಷ್ಟು ಮುದ್ದಾಗಿದೆ, ಅಪ್ಪನ ಮಗಳು’ ಎಂದು ಮೆಚ್ಚಿಕೊಂಡದ್ದು. ನಾನು ಕೂಡ ‘ಹಟ ಮಾಡಿ ಹಾಕಿಕೊಂಡಳು’ ಎಂದು ಉತ್ತರಿಸಿದ್ದೇನೆ, ಫೋಟೊದ ಕೆಳಗೆ ಹೋಗಿ ನೋಡು, ಇನ್ನೂ ಅಲ್ಲೇ ಇದೆ.

ಸಂಜೆಯ ಹೊತ್ತಿಗಾದರೂ ಬಟ್ಟೆ ಬಂತೇ ಎಂದರೆ ಅದೂ ಇಲ್ಲ. ಅದೇ ಸೂಟ್‌ಕೇಸಿನ ತಳದಲ್ಲಿ, ಮಗನ ಗಂಜಿಗೆಂದು, ವಿದ್ಯುತ್ ಕೆಟಲನ್ನು ಹುದುಗಿಸಿದ್ದೆ. ಕೆಟಲು, ಇಸ್ತ್ರಿಪೆಟ್ಟಿಗೆ ಮುಂತಾಗಿ ಬಿಸಿಯಾಗುವ ಯಾವ ಉಪಕರಣವನ್ನೂ ಬೆಂಕಿಯ ಭಯದಿಂದ ಹಡಗಿನವರು ಸಾಮಾನ್ಯವಾಗಿ ಬಿಡುವುದಿಲ್ಲ. ಎಕ್ಸ್-ರೇ ಕಣ್ಣಿಗೆ ಬಿದ್ದ ಪೆಟ್ಟಿಗೆಯನ್ನು ತಡೆಹಿಡಿದು, ಮಾಲೀಕನನ್ನು ಕರೆಸಿ, ಅವನ ಕೈಯಲ್ಲೇ ಬಿಚ್ಚಿಸುತ್ತಾರೆ. ಆ ಶಾಸ್ತ್ರ ಮುಗಿದಾಗ ರಾತ್ರಿ ಎಂಟು. ಅಷ್ಟರಲ್ಲಿ, ಅಪಾಯ ಬಂದರೆ ಜೀವರಕ್ಷಕ ದೋಣಿಗೆ ಹೋಗುವುದು ಹೇಗೆಂದು ಹೇಳಿಕೊಡುವ ಸುರಕ್ಷಾ ಕವಾಯತು ಮುಗಿದಿತ್ತು. 2012ರಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು ಮಗುಚಿದ ಮೇಲೆ ನಿಯಮ ಬಿಗಿಯಾಗಿ, ಈಗ ಹೊರಡುವ ಹೊತ್ತಿಗೇ ಅದನ್ನು ಮಾಡಿಸುತ್ತಾರೆ. ಅಲ್ಲಿ ನಿನ್ನ ಟೀ ಶರ್ಟಿನಲ್ಲಿ ನಿಂತು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡ ಮಗಳು ನನ್ನ ಕಿವಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಆ ಸಣ್ಣ ದೋಣಿಯಲ್ಲಿ ಶೌಚಾಲಯ ಇರುತ್ತದೆಯೇ?

ಈಗ ಬೀದಿ ಕೊನೆಯ ಅಂಗಡಿಗೆ ಹಾಲು ತರಲು ಹೊರಟರೂ ಎರಡು ಸಲ ಬಚ್ಚಲಿಗೆ ಹೋಗಿ ಬರುತ್ತಾಳೆ. ಚಪ್ಪಲಿ ಹಾಕಿಕೊಂಡ ಮೇಲೆ ‘ಐದು ನಿಮಿಷ ಇದೆಯಾ ಅಪ್ಪಾ?’ ಎಂದು ಇನ್ನೊಮ್ಮೆ ಕೇಳುತ್ತಾಳೆ. ಇದೆ ಎನ್ನುತ್ತೇನೆ. ನನ್ನ ದನಿಯನ್ನು ಪರೀಕ್ಷಿಸುವವಳಂತೆ ಸ್ವಲ್ಪ ಹೊತ್ತು ಮುಖ ನೋಡಿ, ಮತ್ತೆ ಒಳಗೆ ಹೋಗುತ್ತಾಳೆ.

ಸಾಕು. ಪ್ರವಾಸದ ಮಾಹಿತಿ ಕೇಳಿದವನಿಗೆ ಪಾಪನಿವೇದನೆ ಮಾಡಿ ಕೂತಿದ್ದೇನೆ. ಮೂರನೆಯ ಬೆಂಚಿನವರು ಯಾವಾಗಲೂ ಪ್ರಶ್ನೆ ಬಿಟ್ಟು ಉತ್ತರ ಬರೆಯುವವರೇ ಎಂದು ನೀನು ನಗುತ್ತಿರಬೇಕು. ನಗು. ಕೆಟಲಿನ ಕಥೆ ಸುಖಾಂತವಾಗಿದೆ: ಇಳಿಯುವ ದಿನ ರಸೀದಿ ತೋರಿಸಿ ಬಿಡಿಸಿಕೊಂಡು ಬಂದೆ, ಅದರ ಹಿಡಿಯ ಮೇಲೆ ನನ್ನ ಕೋಣೆಯ ಸಂಖ್ಯೆಯ ಚೀಟಿ ಇನ್ನೂ ಅಂಟಿಕೊಂಡಿದೆ. ಇವಳು ಅದನ್ನು ಕೀಳಲು ಬಿಡುವುದಿಲ್ಲ, ಕಾಫಿಗೆ ನೀರಿಟ್ಟಾಗಲೆಲ್ಲ ನನಗೆ ಕಾಣುವ ಹಾಗೆ ತಿರುಗಿಸಿ ಇಡುತ್ತಾಳೆ.

ನೀನು ಟಿಕೆಟ್ ಮಾಡಿಸಿದ ಕೂಡಲೇ ಕಟ್ಟೆಯ ಹೆಸರು ಇರುವ ಪುಟದ ಚಿತ್ರ ಕಳಿಸು, ನಾನು ನೋಡಿ ಹೇಳುತ್ತೇನೆ. ನಾನು ಹೇಳಿದ ಮೇಲೆ ಅದನ್ನು ನಿನ್ನ ಹೆಂಡತಿಗೂ ತೋರಿಸು. ಕೈಚೀಲದಲ್ಲಿ ಮಕ್ಕಳಿಬ್ಬರಿಗೂ ಎರಡೆರಡು ಜೊತೆ ಬಟ್ಟೆ ಇರಲಿ. ಟೀ ಶರ್ಟು ಮಾತ್ರ ಇನ್ನು ನನ್ನದಲ್ಲ. ರಾತ್ರಿ ಅದನ್ನೇ ಹಾಕಿಕೊಂಡು ಮಲಗುತ್ತಾಳೆ, ಒಗೆಯಲೂ ಕೊಡುತ್ತಿಲ್ಲ. ಇನ್ನೆರಡು ವರ್ಷದಲ್ಲಿ ಬೆನ್ನ ಮೇಲಿನ ಸಾಲನ್ನು ಓದಿ ಅರ್ಥ ಕೇಳುತ್ತಾಳೆ. ಆಗ ಫೋನು ನಿನ್ನ ಕೈಗೇ ಕೊಡುತ್ತೇನೆ, ಸಿದ್ಧವಾಗಿರು.

ನಿನ್ನ,
ಛತ್ರಿ