ಕೆರೆ ದಂಡೆಯ ದಾರಿಯಲ್ಲಿ ಗಾಲಿಗೂ ಜಾಗ ಕೊಡಿ: ವಾರ್ಡ್ ಕಚೇರಿಗೆ ನಿವಾಸಿಗಳ ಮನವಿ

ಗೆ,
ಮಾನ್ಯ ವಾರ್ಡ್ ಅಧಿಕಾರಿಗಳು,
ವಾರ್ಡ್ ಕಚೇರಿ, ಪುಣೆ

ವಿಷಯ: ಕೆರೆ ದಂಡೆಯ ಕಾಲುದಾರಿಯಲ್ಲಿ ಗಾಲಿಕುರ್ಚಿ ಮತ್ತು ನಡೆಯಲಾಗದವರ ಬ್ಯಾಟರಿ ಸ್ಕೂಟರ್ ಓಡಾಡುವಂತೆ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ಕೆರೆಯ ಪಕ್ಕದ ಸೊಸೈಟಿಗಳಲ್ಲಿ ಇರುವ ಕನ್ನಡದ ಮನೆಯವರು ನಾವು. ಈ ಮನವಿಯನ್ನು ಮೊದಲು ನಮ್ಮ ಭಾಷೆಯಲ್ಲಿ ಬರೆದು, ಎಲ್ಲರಿಗೂ ಓದಿ ಹೇಳಿ ಸಹಿ ಮಾಡಿಸಿದ್ದೇವೆ. ಮರಾಠಿ ಪ್ರತಿ ಇದರ ಜೊತೆಗೇ ಇದೆ. ಅದಕ್ಕೆ ನಮ್ಮ ಮರಾಠಿ ನೆರೆಯವರೂ ಸಹಿ ಹಾಕಿದ್ದಾರೆ.

ಪತ್ರ ಬರೆಯುತ್ತಿರುವ ನನಗೆ ಎರಡು ವರ್ಷದವನಿದ್ದಾಗ ಪೋಲಿಯೊ ಆಯಿತು. ನಲವತ್ತು ವರ್ಷ ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ಹಾಕಿ, ಊರುಗೋಲು ಹಿಡಿದು ಓಡಾಡಿದೆ. ಈಗ ಭುಜ ಸೋತಿದೆ, ಗಾಲಿಕುರ್ಚಿಗೆ ಬಂದಿದ್ದೇನೆ. ಮನೆಯವರು ಖಡಕ್‌ವಾಸ್ಲಾಕ್ಕೆ ಹೋಗಲಿ, ಪಾಷಾಣ್ ಕೆರೆಗೆ ಹಕ್ಕಿ ನೋಡಲು ಹೋಗಲಿ, ನನ್ನ ಕೆಲಸ ಒಂದೇ. ಒಂದು ಕಡೆ ಕೂತು ಎಲ್ಲರ ಬ್ಯಾಗು, ನೀರಿನ ಬಾಟ್ಲಿ ಕಾಯುವುದು. "ನೀವು ಇಲ್ಲೇ ಆರಾಮಾಗಿ ಕೂತಿರಿ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ.

ಹೋದ ವರ್ಷ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಅಲ್ಲಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಟಾರ್ನ್ ಹೌಸ್ ಎಂಬ ಕೆರೆ ಇದೆ. ಮೂರು ಸಣ್ಣ ಹೊಂಡಗಳಿದ್ದ ಜಾಗದಲ್ಲಿ 19ನೇ ಶತಮಾನದಲ್ಲಿ ಒಡ್ಡು ಕಟ್ಟಿ ಒಂದು ಮಾಡಿದ ಕೆರೆ. ಸುತ್ತ ಬರಲು ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದಾರಿ. ಅಲ್ಲಿ ನಡೆಯಲಾಗದವರಿಗೆ ಟ್ರ್ಯಾಂಪರ್ ಎಂಬ ಸ್ಕೂಟರ್ ಕೊಡುತ್ತಾರೆ. ನಾಲ್ಕು ದಪ್ಪ ಗಾಲಿ, ಮುಂದೆ ಹ್ಯಾಂಡಲ್, ಕೆಳಗೆ ಬ್ಯಾಟರಿ. ಹಿಡಿಯ ಹತ್ತಿರ ಒಂದು ಲಿವರ್. ಒತ್ತಿದರೆ ಹೊರಡುತ್ತದೆ, ಬೆರಳು ಬಿಟ್ಟರೆ ತಾನಾಗೇ ನಿಲ್ಲುತ್ತದೆ. ಹೇಗೆ ಓಡಿಸುವುದು ಎಂದು ಮೊದಲು ಹೇಳಿಕೊಟ್ಟರು, ಆಮೇಲೆ ನನ್ನ ಪಾಡಿಗೆ ನನ್ನನ್ನು ಬಿಟ್ಟರು.

ಜಲ್ಲಿಕಲ್ಲಿನ ಮೇಲೆ ಗಾಲಿ ಕರಕರ ಅನ್ನುತ್ತಿತ್ತು. ಮರದ ಬೇರು ಬಂದರೆ ನಿಧಾನಕ್ಕೆ ಹತ್ತಿ ಇಳಿಯಿತು. ಒಂದು ಏರಿನಲ್ಲಿ ತಿರುಗಿ ನೋಡಿದರೆ ಮಗಳು ಹಿಂದೆ ಉಳಿದಿದ್ದಾಳೆ, ಏದುಸಿರು ಬಿಡುತ್ತಿದ್ದಾಳೆ. "ಅಪ್ಪಾ, ಸ್ವಲ್ಪ ನಿಲ್ಲಿ" ಅಂದಳು. ಅರವತ್ತೊಂದು ವರ್ಷದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಆ ದಿನ ಬ್ಯಾಗು, ಬಾಟ್ಲಿ ನನ್ನ ಸ್ಕೂಟರಿನ ಬುಟ್ಟಿಯಲ್ಲೇ ಇದ್ದವು. ಆದರೆ ನನ್ನ ಜೊತೆ ಕೆರೆ ಸುತ್ತಿದವು.

ಆ ಪ್ರದೇಶದಲ್ಲಿ ಇಂಥ ದಾರಿಗಳಿಗೆ 'ಮೈಲ್ಸ್ ವಿದೌಟ್ ಸ್ಟೈಲ್ಸ್' ಎಂದು ಹೆಸರಿಟ್ಟಿದ್ದಾರೆ. ಸ್ಟೈಲ್ ಅಂದರೆ ನಮ್ಮ ಮಲೆನಾಡಿನ ತಡಮೆ. ಮನುಷ್ಯ ದಾಟಬೇಕು, ದನ ದಾಟಬಾರದು ಎಂದು ಬೇಲಿಗೆ ಇಡುತ್ತೇವಲ್ಲ, ಅದೇ. ತಡಮೆ ಇಲ್ಲದ ದಾರಿ ಅಂತ ಅರ್ಥ.

ನಮ್ಮ ಕೆರೆಯ ಬಾಗಿಲಲ್ಲೂ ಒಂದು ತಡಮೆ ಇದೆ. ಬೈಕುಗಳು ಬರಬಾರದೆಂದು ಕಬ್ಬಿಣದ ಪೈಪು ನೆಟ್ಟಿದ್ದಾರೆ. ಟೇಪು ಹಿಡಿದು ಅಳೆದೆವು. ನಡುವೆ 60 ಸೆಂ.ಮೀ. ಜಾಗ. ನನ್ನ ಕುರ್ಚಿ 66 ಸೆಂ.ಮೀ. ಅಗಲ. ಬೈಕಿನವರು ಹ್ಯಾಂಡಲ್ ಓರೆ ಮಾಡಿ ದಿನಾ ನುಗ್ಗುತ್ತಾರೆ. ಕುರ್ಚಿ ಓರೆ ಆಗುವುದಿಲ್ಲ. ಯಾರನ್ನು ತಡೆಯಲು ಹಾಕಿದ್ದು, ಯಾರು ಹೊರಗೆ ಉಳಿದಿದ್ದಾರೆ, ನೀವೇ ನೋಡಿ. ಒಂದು ಪೈಪು ಕಿತ್ತು 90 ಸೆಂ.ಮೀ. ಬಿಡಿ, ಅಥವಾ ಪಕ್ಕದಲ್ಲಿ ಬೀಗದ ಗೇಟು ಇಟ್ಟು ಕೀಲಿಯನ್ನು ವಾಚ್‌ಮನ್ ಹತ್ತಿರ ಕೊಡಿ. ನಮ್ಮ ಮೊದಲ ಬೇಡಿಕೆ ಇದು. ಬೇರೇನೂ ಆಗದಿದ್ದರೂ ಇದೊಂದು ಆಗಲೇಬೇಕು.

ಒಳಗೆ ಹೋದ ಮೇಲೆ ಏರಿಯಿಂದ ಇಳಿಯಲು ಮೂರು ಮೆಟ್ಟಿಲು ಇವೆ. ಒಟ್ಟು ಒಂದೂವರೆ ಅಡಿ ಎತ್ತರ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕ ಹಿಡಿದರೆ 18 ಅಡಿ ಉದ್ದದ ಇಳಿಜಾರು ಸಾಕು. ಪಕ್ಕದಲ್ಲಿ ಅಷ್ಟು ಜಾಗ ಧಾರಾಳವಾಗಿದೆ.

ದಾರಿಯ ಬಗ್ಗೆ ಒಂದು ಮಾತು. ದಯವಿಟ್ಟು ಕಾಂಕ್ರೀಟ್ ಬೇಡ. ಮುಂಬಯಿಯ ಪವಾಯಿ ಕೆರೆ ದಂಡೆಯ ಸೈಕಲ್ ಟ್ರ್ಯಾಕ್ ಕಾನೂನಿಗೆ ವಿರುದ್ಧ ಎಂದು 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಹೇಳಿ, ಜಾಗವನ್ನು ಮೊದಲಿನಂತೆ ಮಾಡಲು ಆದೇಶಿಸಿದ್ದು ನಿಮಗೂ ಗೊತ್ತು. ನಮ್ಮ ಹೆಸರಿನಲ್ಲಿ ಕೆರೆಯ ಒಂದು ಅಡಿ ಜಾಗವೂ ಹೋಗುವುದು ನಮಗೆ ಬೇಡ. ಈಗಿರುವ ಮಣ್ಣುದಾರಿಯೇ ಸಾಕು. ಅದು ಎರೆಮಣ್ಣು. ಜೂನ್ ಬಂದರೆ ಗಾಲಿಗೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದರ ಮೇಲೆ ಮುರುಮ್, ಅಂದರೆ ಗರಸು ಮಣ್ಣು, ಮತ್ತು ಕಲ್ಲುಪುಡಿ ಹಾಕಿ, ನೀರು ಹೊಡೆದು, ರೋಲರ್ ಓಡಿಸಿದರೆ ಗಟ್ಟಿಯಾಗುತ್ತದೆ. ನೀರು ಹರಿದುಹೋಗಲು ಸ್ವಲ್ಪ ಓರೆ ಕೊಟ್ಟರಾಯಿತು. ಪೇವರ್ ಬ್ಲಾಕ್ ಕೂಡ ಬೇಡ. ನೆರಳಿನಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಅದರ ಕುಲುಕಾಟಕ್ಕೆ ಬೆನ್ನು ನೋವಿನವರು ಹತ್ತು ನಿಮಿಷ ಕೂರಲಾರರು.

ಇನ್ನು ಸ್ಕೂಟರ್. ದಪ್ಪ ಗಾಲಿಯದು ಒಂದೇ ಒಂದು, ಪ್ರಯೋಗಕ್ಕೆಂದು ಕೊಡಿಸಿ ಎಂದು ಕೇಳುತ್ತಿದ್ದೇವೆ. ತೋಟದ ಕೋಣೆಯಲ್ಲಿ ಪ್ಲಗ್ ಪಾಯಿಂಟ್ ಇದೆ, ರಾತ್ರಿ ಚಾರ್ಜ್ ಆಗುತ್ತದೆ. ಯಾರು ಯಾವಾಗ ಒಯ್ದರು ಎಂಬ ಪುಸ್ತಕ ಬರೆಯಲು ನಮ್ಮ ನಿವೃತ್ತರು ಸರದಿ ಹಾಕಿಕೊಂಡಿದ್ದಾರೆ. ನಡೆಯುವವರಿಗೆ ಗುದ್ದೀತು ಎಂಬ ಭಯ ಬೇಡ. ಬ್ರಿಟನ್ನಿನಲ್ಲಿ ಕಾಲುದಾರಿಯ ಮೇಲೆ ಇದು ಗಂಟೆಗೆ 4 ಮೈಲಿ, ಅಂದರೆ ಸುಮಾರು 6 ಕಿ.ಮೀ.ಗಿಂತ ಜೋರಾಗಿ ಓಡುವಂತಿಲ್ಲ. ಇಲ್ಲೂ ಅದೇ ಮಿತಿ ಇಡಿ. ಮತ್ತೆ, 'ವಾಹನಗಳಿಗೆ ಪ್ರವೇಶವಿಲ್ಲ' ಎಂಬ ಬೋರ್ಡಿನ ಕೆಳಗೆ 'ಗಾಲಿಕುರ್ಚಿ, ಅಂಗವಿಕಲರ ಸ್ಕೂಟರ್ ಬಿಟ್ಟು' ಎಂದು ಒಂದು ಸಾಲು ಬರೆಸಿ. ಇಲ್ಲದಿದ್ದರೆ ವಾಚ್‌ಮನ್ ಪಾಪ ಏನು ಮಾಡಿಯಾನು?

ಕಾನೂನು ನಮ್ಮ ಕಡೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಜಾಗಗಳಿಗೂ ಅನ್ವಯಿಸುತ್ತದೆ. ಇಂಥ ಅನುಕೂಲಗಳ ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ಆಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನಾವು ಜಗಳಕ್ಕೆ ಬಂದಿಲ್ಲ.

ಇದು ನನ್ನೊಬ್ಬನ ಮಾತೂ ಅಲ್ಲ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಧಾರವಾಡದ ಅಜ್ಜಿ ಇದ್ದಾರೆ. ಮಂಡಿ ಎರಡೂ ಹೋಗಿವೆ. ಹದಿನಾಲ್ಕು ವರ್ಷದಿಂದ ಕೆರೆಯನ್ನು ಬಾಲ್ಕನಿಯಿಂದ ಮಾತ್ರ ನೋಡಿದ್ದಾರೆ. ಸಹಿ ಮಾಡಿಸಲು ಹೋದಾಗ ಪೆನ್ನು ಹಿಡಿದುಕೊಂಡೇ ಹೇಳಿದರು: "ಮುಂಜಾನೆ ಹಕ್ಕಿ ಕೂಗೂದು ಕೇಳತೈತಿ. ಯಾವ ಹಕ್ಕಿ ಅಂತ ನೋಡಾಕ ಆಗಂಗಿಲ್ಲ ನೋಡ್ರಿ."

ಮಳೆಗಾಲಕ್ಕೆ ಮೊದಲು, ಮೇ ಮುಗಿಯುವುದರೊಳಗೆ, ಗೇಟು ಮತ್ತು ದಾರಿಯ ಕೆಲಸ ಮಾಡಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಅದಕ್ಕೂ ಮುಂಚೆ ಒಮ್ಮೆ ನೀವೇ ಬನ್ನಿ. ಯಾವ ದಿನವಾದರೂ ಸರಿ, ಬೆಳಿಗ್ಗೆ ಏಳಕ್ಕೆ. ನಾನು ಗೇಟಿನ ಈಚೆ ಕುರ್ಚಿಯಲ್ಲಿ ಇರುತ್ತೇನೆ, ಟೇಪು ನನ್ನ ಹತ್ತಿರವೇ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಕೆರೆ ದಂಡೆಯ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)