ಶ್ರೀರಂಗಪಟ್ಟಣಕ್ಕೆ ಇನ್ನು ಇಡೀ ದಿನ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸಂಘದ ‘ಮೈಸೂರು, ಶ್ರೀರಂಗಪಟ್ಟಣ, ಕೆಆರ್‌ಎಸ್: ಒಂದೇ ದಿನ’ ಟೂರ್ ಇರುವುದಿಲ್ಲ. ಅದರ ಬದಲು ಶ್ರೀರಂಗಪಟ್ಟಣವೊಂದನ್ನೇ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ತೋರಿಸುತ್ತೇವೆ. ದರ ಹಳೆಯದೇ. ಡೀಸೆಲ್ ಖರ್ಚು ಉಳಿಯುವುದರಿಂದ ಮಧ್ಯಾಹ್ನದ ಊಟವೂ ಅದರಲ್ಲೇ ಸೇರಿದೆ.

ಚೆನ್ನಾಗಿ ನಡೆಯುತ್ತಿದ್ದ ಟೂರ್ ನಿಲ್ಲಿಸಿದ್ದು ಯಾಕೆ ಅಂತ ಹಲವರು ಕೇಳಿದ್ದಾರೆ. ಕಾರಣ ರಸ್ತೆ. ಮೊದಲು ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿ ನಮ್ಮೂರನ್ನು ಹಾದೇ ಹೋಗುತ್ತಿತ್ತು. ಜನ ಹೇಗೂ ಇಳಿಯುತ್ತಿದ್ದರು, ಗುಂಬಜ್ ನೋಡಿ, ಎಳನೀರು ಕುಡಿದು ಮುಂದೆ ಹೋಗುತ್ತಿದ್ದರು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿ, ಮದ್ದೂರು, ಮಂಡ್ಯದ ಹಾಗೆ ನಮಗೂ ಒಂದು ಬೈಪಾಸ್ ಬಂತು. ಈಗ ಆತುರದಲ್ಲಿರುವವರು ಹೊರಗಿನಿಂದಲೇ ಹೋಗಿಬಿಡುತ್ತಾರೆ. ಊರೊಳಗೆ ಬರುವವರು ಬೇಕೆಂದೇ ಬರುವವರು. ಅವರಿಗೆ ‘ಹತ್ತಿ ಹತ್ತಿ, ಟೈಮ್ ಆಯ್ತು’ ಅನ್ನುವುದು ನಮಗೆ ಸರಿಬರುತ್ತಿಲ್ಲ.

ಎಂಟು ಗಂಟೆಗೆ ರಂಗನಾಥಸ್ವಾಮಿ ದೇವಸ್ಥಾನದ ಮುಂದೆ ಸೇರುತ್ತೇವೆ. ಮಧ್ಯಾಹ್ನ ಗುಡಿಯ ಬಾಗಿಲು ಹಾಕುತ್ತಾರೆ, ಹಾಗಾಗಿ ದರ್ಶನ ಮೊದಲು. ಕಾವೇರಿ ನಡುವಿನ ಮೂರು ರಂಗರಲ್ಲಿ ಇದು ಆದಿರಂಗ. ಮಧ್ಯರಂಗ ಶಿವನಸಮುದ್ರದಲ್ಲಿ, ಅಂತ್ಯರಂಗ ತಮಿಳುನಾಡಿನ ಶ್ರೀರಂಗದಲ್ಲಿ. ಮೂರನ್ನೂ ಒಂದೇ ದಿನ ನೋಡಬೇಕೆಂಬ ಹರಕೆ ಇರುವವರು ದಯವಿಟ್ಟು ನಮ್ಮನ್ನು ಕೇಳಬೇಡಿ, ಒಳ್ಳೆಯ ಡ್ರೈವರ್ ಹುಡುಕಿಕೊಳ್ಳಿ.

ದೇವಸ್ಥಾನದಿಂದ ಮುಂದೆ ಕೋಟೆಯೊಳಗೆ ನಡಿಗೆ. ಇಲ್ಲಿಂದ ನಮ್ಮ ಹೊಸ ಟೂರ್‌ಗೆ ಒಂದು ದಾರ ಇದೆ. ಆ ದಾರದ ಹೆಸರು ಕರ್ನಲ್ ಬೇಲಿ.

1780ರ ಸೆಪ್ಟೆಂಬರ್‌ನಲ್ಲಿ ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಸೋಲಿಸಿದರು. ಆ ಪಡೆಯ ಮುಖಂಡ ವಿಲಿಯಂ ಬೇಲಿ ಸೆರೆಸಿಕ್ಕ. ಅವನನ್ನು ಇಲ್ಲಿಗೇ ತಂದರು. 1782ರಲ್ಲಿ ಇಲ್ಲೇ ಸತ್ತ. ಕೋಟೆಯ ಉತ್ತರದ ಗೋಡೆಯ ಬಳಿ ನದಿಗೆ ಹತ್ತಿಕೊಂಡಿರುವ ನೆಲಮಾಳಿಗೆಗೆ ಇವತ್ತಿಗೂ ಅವನದೇ ಹೆಸರು. ಮೆಟ್ಟಿಲಿಳಿದರೆ ಕಮಾನುಗಳ ಉದ್ದನೆ ಜಾಗ. ಗೋಡೆಯಿಂದ ಕಲ್ಲಿನ ಚಪ್ಪಡಿಗಳು ಹೊರಚಾಚಿವೆ, ಒಂದೊಂದರಲ್ಲೂ ಸರಪಳಿ ಹಾಕುವ ತೂತು. ಅದರ ಎತ್ತರ ನೋಡಿ, ಕೈದಿ ಹೇಗೆ ನಿಂತಿರಬಹುದು ಅಂತ ನೀವೇ ಲೆಕ್ಕ ಹಾಕಬಹುದು. ಚಾವಣಿ ಒಡೆದು ಬಿದ್ದ ಫಿರಂಗಿಯೊಂದು ಈಗಲೂ ಅಲ್ಲೇ ಇದೆ. ಹಳೆಯ ಟೂರ್‌ನಲ್ಲಿ ಇಲ್ಲಿ ಫೋಟೊ ತೆಗೆಯುವಷ್ಟರಲ್ಲಿ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು.

ಅಲ್ಲಿಂದ ದರಿಯಾ ದೌಲತ್. ಟಿಪ್ಪುವಿನ 1784ರ ತೇಗದ ಅರಮನೆ. ಪಶ್ಚಿಮದ ಗೋಡೆಯ ತುಂಬ ಅದೇ ಪೊಲ್ಲಿಲೂರಿನ ಯುದ್ಧ. ಒಂದು ಕಡೆ ಆನೆ, ಕುದುರೆಗಳ ದಂಡು. ಇನ್ನೊಂದು ಕಡೆ ಕೆಂಪು ಕೋಟಿನ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ. ನಡುವೆ ಮದ್ದಿನ ಗಾಡಿ ಸಿಡಿಯುತ್ತಿದೆ. ಆ ಚೌಕದೊಳಗೆ ಪಲ್ಲಕ್ಕಿಯಲ್ಲಿ ಕೂತವನೇ ಬೇಲಿ. ಬೆಳಿಗ್ಗೆ ನೆಲಮಾಳಿಗೆ ನೋಡಿ ಬಂದವರು ಈ ಪಲ್ಲಕ್ಕಿಯ ಮುಂದೆ ನಿಂತುಬಿಡುತ್ತಾರೆ. ಸುಮ್ನೆ ಬಂದವರಿಗೆ ಅದು ಗೋಡೆಯ ಮೇಲಿನ ನೂರಾರು ಜನರಲ್ಲಿ ಇನ್ನೊಬ್ಬ, ಅಷ್ಟೇ. ಚಿತ್ರ ಬಿಸಿಲಿಗೆ ಮಾಸಬಾರದೆಂದು ಸುತ್ತ ಪರದೆ ಇಳಿಬಿಟ್ಟಿರುತ್ತಾರೆ. ಒಳಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತು ನಿಮಗೆ ಸಿಗಬೇಕು ಅನ್ನುವುದೇ ಈ ಬದಲಾವಣೆಯ ಅರ್ಧ ಕಾರಣ.

ಮೂರನೆಯದು ಗುಂಬಜ್. ಟಿಪ್ಪು ತನ್ನ ತಂದೆಗಾಗಿ ಕಟ್ಟಿಸಿದ್ದು, 1799ರಲ್ಲಿ ಅವನನ್ನೂ ಇಲ್ಲೇ ಮಣ್ಣು ಮಾಡಿದರು. ಸುತ್ತಲಿನ ಕಪ್ಪು ಕಲ್ಲಿನ ಕಂಬಗಳನ್ನು ಮುಟ್ಟಿ ನೋಡದೆ ಬಂದವರಿಲ್ಲ. ದಂತದ ಕುಸುರಿಯಿರುವ ಬಾಗಿಲುಗಳನ್ನು ಕೊಟ್ಟವನು ಬ್ರಿಟಿಷ್ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ. ದರಿಯಾ ದೌಲತ್‌ನ ಚಿತ್ರಗಳಿಗೆ 1850ರ ದಶಕದಲ್ಲಿ ಮತ್ತೆ ಬಣ್ಣ ಹಾಕಿಸಿದವನೂ ಅವನೇ. ಗುಂಬಜ್‌ನಿಂದ ಸ್ವಲ್ಪ ದೂರದಲ್ಲೇ ಬೇಲಿಯ ಸ್ಮಾರಕ ಇದೆ, ಅವನ ಸಂಬಂಧಿಯೊಬ್ಬ 1816ರಲ್ಲಿ ಕಟ್ಟಿಸಿದ್ದು. ಗೆದ್ದವರ ಸಮಾಧಿ, ಸೋತವನ ಸ್ಮಾರಕ, ಎರಡೂ ಒಂದೇ ಬಯಲಿನ ಆಸುಪಾಸಿನಲ್ಲಿ. ಹೆಚ್ಚಿನವರು ಆ ಕಡೆ ತಿರುಗಿಯೂ ನೋಡುವುದಿಲ್ಲ. ಇನ್ನು ನಾವು ಅಲ್ಲಿಗೂ ಕರೆದುಕೊಂಡು ಹೋಗುತ್ತೇವೆ.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಮಕ್ಕಳಿಗೆ ಜಾಸ್ತಿ ಇಷ್ಟವಾಗುವುದು ಅರಮನೆಯಲ್ಲ, ಟಿಪ್ಪುವಿನ ಕಾಲದ ಮದ್ದಿನಮನೆ. ರೈಲ್ವೆ ಜೋಡಿ ಹಳಿಗೆ ಅದು ಅಡ್ಡ ಬರುತ್ತಿತ್ತು. 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ, ಸರಿಸಿ, ನೂರು ಮೀಟರಿಗೂ ಹೆಚ್ಚು ದೂರ ತಂದಿಟ್ಟರು. ‘ಮನೇನ ಹೇಗೆ ಎಳೀತಾರೆ?’ ಅಂತ ಶುರುವಾದ ಪ್ರಶ್ನೆ ಊಟ ಮುಗಿದರೂ ಮುಗಿಯುವುದಿಲ್ಲ.

ಇನ್ನು ನದಿಯ ವಿಷಯ. ಸಂಜೆಯ ಹೊತ್ತನ್ನು ಸಂಗಮ ಮತ್ತು ಗಂಜಾಂನ ನಿಮಿಷಾಂಬಾ ದೇವಸ್ಥಾನಕ್ಕೆ ಇಟ್ಟಿದ್ದೇವೆ. ಊರನ್ನು ಬಳಸಿ ಬಂದ ಎರಡು ಕವಲು ಮತ್ತೆ ಕೂಡುವುದು ಸಂಗಮದಲ್ಲಿ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ಯಾವ ಮಾತೂ ಕೊಡುವುದಿಲ್ಲ. ಕೊಡಗಿನಲ್ಲಿ ಮಳೆ ಜೋರಾಗಿ, ಕೆಆರ್‌ಎಸ್ ತನ್ನ ಪೂರ್ಣ ಮಟ್ಟ 124.80 ಅಡಿ ಮುಟ್ಟುತ್ತಿದ್ದಂತೆ ಗೇಟು ತೆಗೆಯುತ್ತಾರೆ. ಹೊರಹರಿವು ಲಕ್ಷ ಕ್ಯೂಸೆಕ್ ಸಮೀಪಿಸಿದರೆ ಸ್ನಾನಘಟ್ಟದ ಮೆಟ್ಟಿಲು ನೀರಿನಲ್ಲಿರುತ್ತದೆ, ಪೊಲೀಸರು ಹಗ್ಗ ಕಟ್ಟಿರುತ್ತಾರೆ. ಅಂಥ ದಿನ ತೆಪ್ಪದ ಹತ್ತಿರವೂ ಹೋಗುವುದಿಲ್ಲ. ‘ದೂರದಿಂದ ಬಂದಿದ್ದೀವಿ, ಒಂದೇ ಸುತ್ತು’ ಅಂದರೂ ಇಲ್ಲ. ಸಂಗಮ ತಪ್ಪಿದರೆ ಆ ಹೊತ್ತಿಗೆ ಕರಿಘಟ್ಟ ಹತ್ತಿಸುತ್ತೇವೆ. ತುಂಬಿದ ಕಾವೇರಿ, ಲೋಕಪಾವನಿ, ಗದ್ದೆ, ಕಬ್ಬು ಎಲ್ಲ ಕಾಣುತ್ತದೆ. ನಮ್ಮ ಗೈಡುಗಳಲ್ಲಿ ಕೆಲವರು ಇದೇ ಚೆನ್ನ ಅನ್ನುತ್ತಾರೆ, ನಾವು ಜಗಳ ಮಾಡುವುದಿಲ್ಲ.

ರಂಗನತಿಟ್ಟು ಈ ಟೂರ್‌ನಲ್ಲಿಲ್ಲ. ಹಕ್ಕಿ ನೋಡಬೇಕಾದರೆ ಬೆಳಿಗ್ಗೆಯೇ ಹೋಗಬೇಕು, ಅದಕ್ಕೆ ಡಿಸೆಂಬರ್‌ನಿಂದ ಬೇರೆ ಅರ್ಧ ದಿನದ ಟೂರ್ ಮಾಡುತ್ತೇವೆ. ಕೆಆರ್‌ಎಸ್ ಬೃಂದಾವನಕ್ಕೆ ಮೈಸೂರಿನಿಂದ ಬಸ್ ಸುಲಭ, ನಮ್ಮ ಅಗತ್ಯವೇ ಇಲ್ಲ.

ಒಂದು ತಂಡಕ್ಕೆ ಹನ್ನೆರಡು ಜನ ಮಾತ್ರ. ನೆಲಮಾಳಿಗೆಯಲ್ಲಿ ಅದಕ್ಕಿಂತ ಹೆಚ್ಚು ಜನರಿಗೆ ಒಬ್ಬರ ದನಿ ಕೇಳಿಸುವುದಿಲ್ಲ. ಮಂಡಿನೋವು ಇರುವವರು ಮೊದಲೇ ತಿಳಿಸಿದರೆ ಕೋಟೆಯೊಳಗೆ ಆಟೊ ಇಡುತ್ತೇವೆ, ಅದಕ್ಕೆ ಬೇರೆ ದುಡ್ಡಿಲ್ಲ. ಸ್ಮಾರಕಗಳ ಟಿಕೆಟ್ ಮೊದಲಿನಂತೆ ನಿಮ್ಮದೇ.

ಹಳೆಯ ಟೂರ್‌ಗೆ ಮುಂಗಡ ಕೊಟ್ಟವರಿಗೆ ಎರಡು ದಾರಿ. ಹೊಸದಕ್ಕೆ ಬದಲಿಸಿಕೊಳ್ಳಬಹುದು, ಇಲ್ಲವೇ ಪೂರ್ತಿ ಹಣ ವಾಪಸ್ ಪಡೆಯಬಹುದು. ಯಾವುದು ಬೇಕೆಂದು ನೀವು ಬುಕ್ ಮಾಡಿದ ವಾಟ್ಸ್ಯಾಪ್ ನಂಬರಿಗೇ ಈ ತಿಂಗಳ 25ರೊಳಗೆ ಒಂದು ಸಾಲು ಬರೆಯಿರಿ. ಏನೂ ಬರೆಯದವರಿಗೆ ನಾವೇ ಫೋನ್ ಮಾಡುತ್ತೇವೆ.

ಇಂತಿ ನಿಮ್ಮ,
ಗೈಡುಗಳು ಮತ್ತು ಚಾಲಕರ ಸಹಕಾರ ಸಂಘದ ಪರವಾಗಿ,
ಶ್ರೀರಂಗಪಟ್ಟಣ